ಒಟ್ಟಿಯೊಳಗಿನ ಋತು

ನೇಪಲ್ಸಿನ ಪಿಜ್ಜಾ ಮಾಡುವ ಕಲೆಯನ್ನು ಯುನೆಸ್ಕೋ 2017ರಲ್ಲಿ ಮಾನವಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು. ನಮ್ಮ ಕೊಡಗಿನ ಅಕ್ಕಿ ಒಟ್ಟಿಯನ್ನು ಅದರ ದೂರದ ನೆಂಟನೆಂದೇ ನಾನು ಬಗೆಯುತ್ತೇನೆ. ಅಲ್ಲಿ ಹುಳಿಬರಿಸಿದ ಗೋಧಿಯ ಕಣಕ, ಕಟ್ಟಿಗೆಯ ಒಲೆ. ಇಲ್ಲಿ ಮೆತ್ತನೆಯ ಅನ್ನದೊಡನೆ ನಾದಿದ ಅಕ್ಕಿಹಿಟ್ಟು, ಕಾವಲಿ, ಕೆಂಡ. ಅವರು ಮೇಲೆ ಹರಡುವುದನ್ನು ನಾವು ಮಗ್ಗುಲಲ್ಲಿಡುತ್ತೇವೆ: ಕುಂಬಳ ಕರಿ, ಎಳ್ಳಿನ ಪಜ್ಜಿ, ಜೇನು.

ಆದರೆ ಒಂದು ಭೇದವುಂಟು. ಪಿಜ್ಜಾಕ್ಕೆ ಚಳಿಗಾಲ ಬರುವುದು ಮೇಲಣ ತರಕಾರಿಯಿಂದ, ಒಟ್ಟಿಗಾದರೋ ಹಿಟ್ಟಿನಿಂದಲೇ. ನವೆಂಬರ್–ಡಿಸೆಂಬರಿನ ಪುತ್ತರಿಯಂದು ಬೆಳದಿಂಗಳ ಗದ್ದೆಯಲ್ಲಿ ಕದಿರು ಕೊಯ್ದು ಮನೆ ತುಂಬಿಸಿಕೊಂಡ ಬಳಿಕವೇ ಹೊಸ ಅಕ್ಕಿ ಒಲೆಗೇರುವುದು.

ಇಂದು ಎಷ್ಟೋ ಗದ್ದೆಗಳು ಬೀಳುಬಿದ್ದಿವೆ. ಅಂಗಡಿಯ ಅಕ್ಕಿಯಿಂದಲೂ ಒಟ್ಟಿ ದುಂಡಗಾದೀತು, ಉಬ್ಬೀತು. ಆದರೆ ಅದನ್ನು ತಿಂದ ಮಗುವಿಗೆ ಇದು ಯಾವ ಮಾಸವೆಂದು ತಿಳಿಯಲಾರದು.