ರೋಮ್‌ನಿಂದ ಲಿಸ್ಬನ್‌ಗೆ ಎಷ್ಟು ದೂರ, ಎಷ್ಟು ಹೊತ್ತು?

ರೋಮ್ ಮತ್ತು ಫಾತಿಮಾ ಎರಡನ್ನೂ ಒಂದೇ ಯಾತ್ರೆಯಲ್ಲಿ ಸಂದರ್ಶಿಸುವ ಭಕ್ತಾದಿಗಳು ರೋಮ್‌ನ ಫ್ಯೂಮಿಚಿನೋ ನಿಲ್ದಾಣದಿಂದ ಪೋರ್ಚುಗಲ್‌ನ ಲಿಸ್ಬನ್‌ಗೆ ವಿಮಾನವೇರುವುದು ವಾಡಿಕೆ. ಈ ಎರಡು ನಿಲ್ದಾಣಗಳ ನಡುವಿನ ಆಕಾಶಮಾರ್ಗದ ಅಂತರ ಸುಮಾರು 1,840 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದ ಲೆಕ್ಕದಲ್ಲಿ ಎರಡೂಕಾಲು ಗಂಟೆ ಸಾಕೆನಿಸುತ್ತದೆ. ಆದರೆ ರನ್‌ವೇಗೆ ಸಾಗುವುದು, ಮೇಲೇರುವುದು, ಇಳಿಯುವುದು ಎಲ್ಲ ಸೇರಿ ಸುಮಾರು ಮೂರು ಗಂಟೆ ತಗಲುತ್ತದೆ. ಮರಳುವಾಗ ಪಶ್ಚಿಮದ ಗಾಳಿ ಬೆನ್ನಿಗಿರುವುದರಿಂದ ಸಾಮಾನ್ಯವಾಗಿ ತುಸು ಬೇಗ.

ಟಿಕೆಟ್ ನೋಡಿದವರಿಗೆ ಗೊಂದಲವಾಗುವುದು ಬೇರೆ ಕಾರಣಕ್ಕೆ. ಪೋರ್ಚುಗಲ್‌ನ ಗಡಿಯಾರ ಇಟಲಿಗಿಂತ ಒಂದು ಗಂಟೆ ಹಿಂದಿದೆ. ಬೆಳಿಗ್ಗೆ 10ಕ್ಕೆ ರೋಮ್ ಬಿಟ್ಟ ವಿಮಾನ ಲಿಸ್ಬನ್‌ನ 12 ಗಂಟೆಗೇ ಇಳಿಯುತ್ತದೆ. ಲಿಸ್ಬನ್‌ನಿಂದ 10ಕ್ಕೆ ಹೊರಟರೆ ರೋಮ್‌ನಲ್ಲಿ ಮಧ್ಯಾಹ್ನ 2ರ ಹತ್ತಿರವಾಗಿರುತ್ತದೆ. ವಿಮಾನದೊಳಗೆ ಕಳೆದದ್ದು ಎರಡೂ ಸಲ ಹೆಚ್ಚುಕಡಿಮೆ ಮೂರೇ ಗಂಟೆ.

ಫಾತಿಮಾದಲ್ಲಿ ವಿಮಾನ ನಿಲ್ದಾಣವಿಲ್ಲ. ಲಿಸ್ಬನ್‌ನಿಂದ ಸುಮಾರು 125 ಕಿ.ಮೀ. ರಸ್ತೆಯಲ್ಲಿ ಸಾಗಬೇಕು, ಬಸ್ಸಿನಲ್ಲಿ ಒಂದೂವರೆ ಗಂಟೆ. 1917ರಲ್ಲಿ ಮಾತೆ ಮರಿಯಮ್ಮನವರು ದರ್ಶನ ನೀಡಿದ ಸ್ಥಳದ ಪ್ರಾರ್ಥನಾಲಯದಲ್ಲಿ ರಾತ್ರಿ 9.30ಕ್ಕೆ ಜಪಸರ, ಯಾತ್ರಾಕಾಲದಲ್ಲಿ ಮೇಣದಬತ್ತಿಯ ಮೆರವಣಿಗೆ. ಹಲವರು ಅಷ್ಟು ದೂರ ಹೋಗುವುದೇ ಇದಕ್ಕಾಗಿ. ರೋಮ್‌ನಿಂದ ಸಂಜೆ 5ಕ್ಕೆ ಹೊರಟವರು 7ಕ್ಕೆ ಇಳಿದು, ಸಾಮಾನು ಪಡೆದು, ಬಸ್ಸು ಹತ್ತುವಾಗಲೇ 8 ದಾಟಿರುತ್ತದೆ, ಜಪಸರ ಕೈತಪ್ಪಿದಂತೆಯೇ. ಒಂದೇ ರಾತ್ರಿ ತಂಗುವ ತಂಡಗಳ ಸಂಚಾಲಕರು, ಅದರಲ್ಲೂ ಹಿರಿಯರನ್ನು ಕರೆದೊಯ್ಯುವವರು, ದರ ತುಸು ಹೆಚ್ಚಾದರೂ ಬೆಳಗಿನ ವಿಮಾನವನ್ನೇ ಕೇಳಿ ಪಡೆಯುವುದು ಲೇಸು.

ಅಂದಹಾಗೆ, ತೀರ್ಥದ ಬಾಟಲಿಗಳನ್ನು ಕೈಚೀಲದಲ್ಲಿಡದೆ ಲಗೇಜಿನಲ್ಲೇ ಹಾಕಿರಿ.