ಮೀನಿನ ನೆತ್ತರು, ಜಿಗಣೆಯ ಬಿಡಾರ

ಮಸ್ಕಿ ನಾಲಾ ಜಲಾಶಯದಲ್ಲಿ ಬಲೆ ಬೀಸುವ ಮನೆತನದ ಹುಡುಗನೊಬ್ಬ ಒಂದು ದಿನ ಶಾಲೆಯಲ್ಲಿ ನನ್ನನ್ನು ತಡೆದು ಕೇಳಿದ: “ಮಾಸ್ತರ್ರೀ, ಕಿವಿರಿನಾಗ ಜಿಗಣಿ ಐತಿ ಅಂತ ಮಂದಿ ಮೀನು ಹೊಳ್ಳಿ ಕೊಟ್ರು. ಅದನ್ನ ತಿನ್ನಬಾರದೇನ್ರಿ?” ಕನ್ನಡ ಪಂಡಿತನಾದ ನನಗೆ ಆಗ ಉತ್ತರ ತಿಳಿದಿರಲಿಲ್ಲ. ವಿಜ್ಞಾನದ ಉಪಾಧ್ಯಾಯರನ್ನು ಕೇಳಿ, ಪುಸ್ತಕಗಳನ್ನು ನೋಡಿ ತಿಳಿದುಕೊಂಡದ್ದನ್ನು ವಾಚಕರಾದ ತಮ್ಮ ಮುಂದಿಡುತ್ತೇನೆ.

ಸಂಸ್ಕೃತದಲ್ಲಿ ಜಿಗಣೆಗೆ ಜಲೌಕಸ್ ಎಂದು ಹೆಸರು. ಜಲವೇ ಓಕಸ್, ಅಂದರೆ ಮನೆ, ಆದುದು ಎಂದರ್ಥ. ಕೆಟ್ಟ ರಕ್ತವನ್ನು ತೆಗೆಯಲು ಜಿಗಣೆಯನ್ನು ಬಳಸುವ ಕ್ರಮವನ್ನು ಹೇಳುವ ಸುಶ್ರುತನು ಅವುಗಳಲ್ಲಿ 12 ಬಗೆಗಳನ್ನು ಎಣಿಸಿ, ಆರು ವಿಷವುಳ್ಳವು, ಆರು ವಿಷವಿಲ್ಲದವು ಎಂದು ವಿಂಗಡಿಸಿದ್ದಾನೆ. ಮೀನನ್ನೇ ಹಿಡಿದು ಬದುಕುವ ಜಿಗಣೆಗಳೂ ಉಂಟು. ನೀರು ಮನೆಯಾದ ಈ ಪ್ರಾಣಿಯು, ಮೀನಿನ ನೆತ್ತರನ್ನು ಹೀರುವಾಗ, ಬೇರೊಂದು ಜೀವಿಗೆ ತಾನೇ ಮನೆಯಾಗುತ್ತದೆ.

ಆ ಜೀವಿಯನ್ನು 1841ರಲ್ಲಿ ವ್ಯಾಲೆಂಟಿನ್ ಎಂಬ ವಿದ್ವಾಂಸರು ಟ್ರೌಟ್ ಎಂಬ ಮೀನಿನ ರಕ್ತದಲ್ಲಿ ಕಂಡರು. 1843ರಲ್ಲಿ ಗ್ರೂಬಿ ಎಂಬವರು ಕಪ್ಪೆಯ ರಕ್ತದಲ್ಲಿ ಇದರ ಬಂಧುವನ್ನು ಕಂಡು ಟ್ರಿಪನೊಸೋಮ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯ ಈ ಮಾತನ್ನು ‘ಬೈರಿಗೆಯೊಡಲು’ ಎಂದು ಕನ್ನಡಿಸಬಹುದು. ನೆತ್ತರಿನಲ್ಲಿ ಅದು ತಿರುಚಿಕೊಳ್ಳುತ್ತ ಮುಂದುವರಿಯುವ ರೀತಿಗೆ ಈ ಹೆಸರು ಒಪ್ಪುತ್ತದೆ.

ಇದರ ಒಡಲೆಲ್ಲ ಒಂದೇ ಜೀವಕೋಶ. ಆಕಾರ ನೇಕಾರರ ಲಾಳಿಯಂತೆ, ಎರಡು ತುದಿಯೂ ಚೂಪು. ಮೇಲ್ಪೊರೆಯ ಒಳಗಡೆ ಬುಟ್ಟಿಯ ಬಿದಿರು ಸೀಳುಗಳಂತೆ ಅತಿ ಸಣ್ಣ ಕೊಳವೆಗಳು ಸಾಲಾಗಿ ನಿಂತು ಆಕಾರವನ್ನು ಕಾಯುತ್ತವೆ. ನಡುವೆ ಕೋಶಕೇಂದ್ರ. ಹಿಂದುಗಡೆ ಕೈನೆಟೊಪ್ಲಾಸ್ಟ್ ಎಂಬ ಚುಕ್ಕೆ. ಅದರಲ್ಲಿ ವಂಶವಾಹಕ ದ್ರವ್ಯವು ಒಂದಕ್ಕೊಂದು ಹೆಣೆದ ಸಾವಿರಾರು ಉಂಗುರಗಳಾಗಿರುತ್ತದೆ. ಆ ಚುಕ್ಕೆಯ ಬಳಿಯಿಂದಲೇ ಚಾವಟಿಯಂಥ ಎಳೆಯೊಂದು ಹೊರಟು, ಸೀರೆಯ ನಿರಿಯಂತೆ ಅಲೆಯುವ ತೆಳುಪೊರೆಯ ಅಂಚಿನಗುಂಟ ಮುಂದಕ್ಕೆ ಸಾಗುತ್ತದೆ. ಕೋಶವು ಈಜುವುದು ಇದರ ಬಲದಿಂದ.

ಜಿಗಣೆಯ ಹೊಟ್ಟೆಯನ್ನು ಸೇರಿದ ಮೇಲೆ ಈ ಕೋಶದ ಒಳರಚನೆ ಬದಲಾಗುತ್ತದೆ. ಹಿಂದಿದ್ದ ಕೈನೆಟೊಪ್ಲಾಸ್ಟ್ ಕೋಶಕೇಂದ್ರದ ಮುಂದಕ್ಕೆ ಸರಿಯುತ್ತದೆ, ಅಲೆಪೊರೆ ಮೋಟಾಗುತ್ತದೆ. ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತದೆ. ಕೊನೆಗೆ ಚುಕ್ಕೆ ಮರಳಿ ಹಿಂದಕ್ಕೆ ಬಂದು, ತೆಳ್ಳಗಿನ ಕೋಶಗಳು ಜಿಗಣೆಯ ಹೀರುಕೊಳವೆಯ ಒರೆಯನ್ನು ಸೇರಿ ಕಾಯುತ್ತವೆ. ಜಿಗಣೆ ಮತ್ತೊಂದು ಮೀನನ್ನು ಕಚ್ಚಿದಾಗ ಅವು ಆ ಮೀನಿನ ನೆತ್ತರಿಗೆ ದಾಟುತ್ತವೆ. 1911ರ ಸುಮಾರಿನಲ್ಲಿ ಮ್ಯೂರಿಯಲ್ ರಾಬರ್ಟ್‌ಸನ್ ಎಂಬ ವಿದುಷಿ ಈ ಪ್ರಯಾಣವನ್ನು ವಿವರವಾಗಿ ಗುರುತಿಸಿದರು.

ಹೀಗೆ ಜಿಗಣೆಯು ರೋಗವನ್ನು ಹೊತ್ತೊಯ್ಯುವ ಬರಿಯ ಗಾಡಿಯಲ್ಲ; ರೋಗಾಣುವು ಬೆಳೆದು ಸಿದ್ಧವಾಗುವ ಬಿಡಾರ. ಇಂಥದೇ ಸತ್ಯವನ್ನು ಮಲೇರಿಯದ ವಿಷಯದಲ್ಲಿ 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯನ್ನು ಸೀಳಿ ಕಂಡಿದ್ದರು. ಆಗ ನಮ್ಮ ಮಸ್ಕಿಯೂ ಅದೇ ನಿಜಾಮರ ರಾಜ್ಯದಲ್ಲಿತ್ತು.

ಬಿಡಾರವನ್ನು ತೆಗೆದರೆ ರೋಗದ ದಾರಿ ಕಡಿಯುತ್ತದೆ. ಈ ಕೋಶಗಳು ಮಿತಿಮೀರಿದರೆ ಮೀನಿಗೆ ರಕ್ತಹೀನತೆ ಬರುತ್ತದೆ. ಕಿವಿರು ಬಿಳಚಿ, ಮೀನು ಮಂಕಾಗುತ್ತದೆ. ಆದುದರಿಂದ ಸಿಂಧನೂರು, ಲಿಂಗಸುಗೂರು ಕಡೆ ಹೊಂಡಗಳಲ್ಲಿ ಕಾಟ್ಲಾ, ರೋಹು, ಗೆಂಡೆ ಮೀನು ಸಾಕುವವರು ಮರಿಗಳನ್ನು ಬಿಡುವ ಮೊದಲು ರೆಕ್ಕೆ, ಕಿವಿರುಗಳನ್ನು ನೋಡಬೇಕು. ಜಿಗಣೆ ಕಂಡರೆ ತಿಳಿದವರನ್ನು ಕೇಳಿ ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿಸಬೇಕು. ಜಿಗಣೆಗಳು ಕಳಚಿ ಬೀಳುತ್ತವೆ. ಬೇಸಿಗೆಯಲ್ಲಿ ಹೊಂಡವನ್ನು ಪೂರ್ತಿ ಒಣಗಿಸಿ ಸುಣ್ಣ ಹಾಕುವುದೂ ಒಳ್ಳೆಯದು.

ಇನ್ನು ಹುಡುಗನ ಪ್ರಶ್ನೆ. ಆಫ್ರಿಕದಲ್ಲಿ ಮನುಷ್ಯರಿಗೆ ನಿದ್ರಾರೋಗ ತರುವುದು ಇದೇ ಕುಲದ ಬೇರೆ ಜೀವಿ. ಅದನ್ನು ಹರಡುವುದು ತ್ಸೆತ್ಸೆ ಎಂಬ ನೊಣ. ಮೀನಿನ ಬೈರಿಗೆಯೊಡಲು ಮನುಷ್ಯನ ನೆತ್ತರಿನಲ್ಲಿ ನೆಲೆಸದು. ಆದುದರಿಂದ ಮೀನು ತಾಜಾ ಆಗಿದ್ದರೆ, ಜಿಗಣೆಯನ್ನು ಕಿತ್ತೆಸೆದು, ಚೆನ್ನಾಗಿ ತೊಳೆದು, ಬೇಯಿಸಿ ಉಣ್ಣಿರಿ. ಬಿಸಿಲಿನಲ್ಲಿ ಬುಟ್ಟಿ ಹೊತ್ತು ತಮ್ಮ ಬಾಗಿಲಿಗೆ ಬಂದವನನ್ನು ಒಂದು ಜಿಗಣೆಯ ಸಲುವಾಗಿ ಹಿಂದಕ್ಕೆ ಕಳುಹಿಸಬೇಡಿರಿ.