ಡಯಾಲಿಸಿಸ್ ಮತ್ತು ಮರೆವು: ನಂಬಿದ್ದೇನು, ನಿಜವೇನು

ಅಹಮದಾಬಾದ್‌ನ ಅಸಾರ್ವಾದಲ್ಲಿ, ಸಿವಿಲ್ ಆಸ್ಪತ್ರೆಯ ಆವರಣದಲ್ಲೇ, ಡಾ. ಎಚ್.ಎಲ್. ತ್ರಿವೇದಿ ಕಟ್ಟಿ ಬೆಳೆಸಿದ ಕಿಡ್ನಿ ಸಂಸ್ಥೆಯಿದೆ. ಅಲ್ಲಿರಲಿ, ವಡೋದರಾ, ಸೂರತ್‌ನಲ್ಲಿರಲಿ, ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಗಳಲ್ಲಿ ಒಂದು ಭಯ ಕಾಡುತ್ತಲೇ ಇರುತ್ತದೆ: “ಈ ಮೆಷಿನ್ ತಲೆಯನ್ನೇ ತಿಂದುಬಿಡುತ್ತದೆ.”

ಈ ಭಯಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು. 1970ರ ದಶಕದಲ್ಲಿ ಡಯಾಲಿಸಿಸ್ ನೀರಿನಲ್ಲಿದ್ದ ಅಲ್ಯೂಮಿನಿಯಂ ಮಿದುಳು ಸೇರಿ ಕೆಲವರಿಗೆ ಮಾತು ತೊದಲಿತು, ಫಿಟ್ಸ್ ಬಂತು, ಬುದ್ಧಿ ಕುಂದಿತು. ಅಮೆರಿಕದ ಡೆನ್ವರ್‌ನ ವೈದ್ಯರು 1976ರಲ್ಲಿ ಅಲ್ಯೂಮಿನಿಯಂ ಕಡೆಗೆ ಬೆರಳು ತೋರಿಸಿದರು. ಆರ್‌ಒ ನೀರು ಬಂದ ಮೇಲೆ ಆ ಕಾಯಿಲೆ ತೀರಾ ಅಪರೂಪವಾಗಿದೆ.

ಈಗ ಗಮನಿಸಬೇಕಾದದ್ದು ಡಯಾಲಿಸಿಸ್ ವೇಳೆಯ ಬಿಪಿ ಇಳಿತ. ಗುಜರಾತಿನ ಬೇಸಿಗೆ, ಜೊತೆಗೆ ಉಪ್ಪಿನ ಕುರುಕಲು: ಬೆಳಗಿನ ಗಾಂಠಿಯಾ, ಸಂಜೆಯ ಸೇವ್. ಉಪ್ಪು ಹೆಚ್ಚಾದರೆ ದಾಹ, ದಾಹಕ್ಕೆ ಲೋಟ ಲೋಟ ಮಜ್ಜಿಗೆ. ಹಾಗೆ ಸೇರಿದ ನೀರನ್ನೆಲ್ಲ ನಾಲ್ಕು ತಾಸಿನಲ್ಲಿ ತೆಗೆಯಹೊರಟರೆ ಬಿಪಿ ದಿಢೀರನೆ ಇಳಿಯುತ್ತದೆ, ಮಿದುಳಿಗೆ ರಕ್ತ ಸಾಲದಾಗುತ್ತದೆ. ಸಕ್ಕರೆ ಕಾಯಿಲೆ, ಏರಿದ ಬಿಪಿಗಳಿಂದ ಮೊದಲೇ ಬಳಲಿದ ಸಣ್ಣ ರಕ್ತನಾಳಗಳಿಗೆ ಇದು ಮತ್ತೊಂದು ಹೊಡೆತ. ಉಪ್ಪು ತಗ್ಗಿಸುವುದು ಮಿದುಳನ್ನು ಕಾಯುವ ಕೆಲಸವೂ ಹೌದು.

“ವಯಸ್ಸಾಯಿತಲ್ಲ, ಮರೆವು ಸಹಜ” ಎಂದು ಕೈಬಿಡುವುದು ನನಗೆ ಬಹಳ ನೋವು ಕೊಡುವ ಮಾತು. ಮಂಕು ನಲವತ್ತರ ರೋಗಿಗೂ ಬರುತ್ತದೆ. ಹಿಮೋಗ್ಲೋಬಿನ್ ಕಮ್ಮಿಯಿರಬಹುದು, ನಿದ್ದೆಗೆಟ್ಟಿರಬಹುದು, ಖಿನ್ನತೆ ಇರಬಹುದು. ಕಾಲುರಿಗೆ ಕೊಡುವ ಗ್ಯಾಬಾಪೆಂಟಿನ್ ಕಿಡ್ನಿಯ ಮೂಲಕವೇ ಹೊರಹೋಗಬೇಕು. ಡೋಸ್ ಇಳಿಸದಿದ್ದರೆ ಅದು ದೇಹದಲ್ಲೇ ಉಳಿದು ರೋಗಿ ತೂಕಡಿಸುತ್ತಾರೆ, ತಡವರಿಸುತ್ತಾರೆ. ಇವೆಲ್ಲಕ್ಕೂ ಚಿಕಿತ್ಸೆ ಇದೆ, ಕೇಳಬೇಕಷ್ಟೆ.

ನೆನಪಿನ ಪರೀಕ್ಷೆಯಲ್ಲಿ ಅಂಕ ಕಮ್ಮಿ ಬಂದರೆ “ಮರೆಗುಳಿ ರೋಗ ಶುರುವಾಯಿತು” ಎಂದು ಕುಗ್ಗುವವರೂ ಇದ್ದಾರೆ. ಸೂಜಿ ಚುಚ್ಚಿಸಿಕೊಂಡು ಮಲಗಿರುವಾಗ, ಇಲ್ಲವೇ ಡಯಾಲಿಸಿಸ್ ಮುಗಿದು ಸುಸ್ತಾಗಿರುವಾಗ ಪರೀಕ್ಷಿಸಿದರೆ ಫಲಿತಾಂಶ ನಂಬುವಂತಿರುವುದಿಲ್ಲ. ಭಾಷೆಯದ್ದೂ ತೊಡಕಿದೆ. ಸೂರತ್‌ನಲ್ಲಿ ಮಗನ ಮನೆಗೆ ಬಂದಿರುವ ಧಾರವಾಡದ ಅಜ್ಜಿಗೆ ಗುಜರಾತಿಯಲ್ಲಿ ಪದಪಟ್ಟಿ ಓದಿ “ಈಗ ಹೇಳಿ” ಎಂದರೆ, ಅಳತೆಗೆ ಸಿಗುವುದು ಅವರ ಗುಜರಾತಿಯೇ ಹೊರತು ನೆನಪಲ್ಲ. ಐಸಿಎಂಆರ್ ರೂಪಿಸಿದ ಪರೀಕ್ಷೆಗಳ ಕಟ್ಟು ಕನ್ನಡದಲ್ಲೂ ಇದೆ. ಕನ್ನಡದಲ್ಲೇ ಪರೀಕ್ಷಿಸಿ ಎಂದು ಕೇಳಲು ಮುಜುಗರ ಬೇಡ.

ಕೊನೆಯ ತಪ್ಪು ಕಲ್ಪನೆ ಪ್ರಾಣಕ್ಕೇ ಎರವಾಗಬಹುದು: “ಹಣ್ಣು ತಾನೆ, ಏನಾಗುತ್ತೆ?” ಉಪ್ಪು, ಖಾರ ಹಚ್ಚಿ ತಿನ್ನುವ ನಕ್ಷತ್ರದಾಕಾರದ ಹುಳಿ ಹೋಳು ಗುಜರಾತಿನಲ್ಲಿ ಕಮರಖ್, ನಮ್ಮಲ್ಲಿ ಧಾರೆಹುಳಿ ಅಥವಾ ಕಮರಾಕ್ಷಿ. ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ನರವಿಷವನ್ನು ಬ್ರೆಜಿಲ್‌ನ ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. ಕಿಡ್ನಿ ಚೆನ್ನಾಗಿದ್ದರೆ ಅದು ಹೊರಹೋಗುತ್ತದೆ. ಕೆಟ್ಟಿದ್ದರೆ ಒಂದೇ ಹಣ್ಣು ಸಾಕು: ಮೊದಲು ನಿಲ್ಲದ ಬಿಕ್ಕಳಿಕೆ, ವಾಂತಿ, ಆಮೇಲೆ ಗೊಂದಲ, ಫಿಟ್ಸ್. ಅಂಥ ಬಿಕ್ಕಳಿಕೆ ಕಂಡರೆ ತಿಂದದ್ದನ್ನು ಮುಚ್ಚಿಡದೆ ಹೇಳಿ, ಆಸ್ಪತ್ರೆಗೆ ಓಡಿ. ತಡಮಾಡದೆ ಡಯಾಲಿಸಿಸ್ ಮಾಡಿದರೆ ಬದುಕುಳಿಯುವ ಸಾಧ್ಯತೆ ಹೆಚ್ಚು.